ಓರೆಯಕ್ಷರದ ಒಯ್ಯಾರ

ಕಂಪ್ಯೂಟರಿನಲ್ಲಿ ಎರಡು ಸಾಲು ಬರೆದವರಿಗೆಲ್ಲ ಬಿ, ಐ, ಯು ಎಂಬ ಮೂರು ಗುಂಡಿಗಳ ಪರಿಚಯ ಇದ್ದೇ ಇರುತ್ತದೆ. ಬಿ ಒತ್ತಿದರೆ ಅಕ್ಷರ ದಪ್ಪಗಾಗುತ್ತದೆ. ಯು ಒತ್ತಿದರೆ ಅಡಿಗೆ ಗೆರೆ ಬೀಳುತ್ತದೆ. ಪರೀಕ್ಷೆಯ ಹಿಂದಿನ ವಾರ ಮೇಷ್ಟರು 'ಇದು ಇಂಪಾರ್ಟೆಂಟು, ಗೆರೆ ಎಳ್ಕೊಳ್ರೋ' ಎಂದು ಎಳೆಸುತ್ತಿದ್ದ ಅದೇ ಗೆರೆ. ಇವೆರಡರ ನಡುವೆ ತಾನೂ ಸ್ವಲ್ಪ ಬಲಕ್ಕೆ ವಾಲಿಕೊಂಡು ನಿಂತಿರುವುದು ಐ, ಅಂದರೆ ಇಟಾಲಿಕ್, ಓರೆಯಕ್ಷರ. ಬಿ ಮತ್ತು ಯು ಚಪ್ಪಾಳೆ ತಟ್ಟಿ ಕರೆಯುವ ಪೈಕಿ. ಐ ದನಿ ತಗ್ಗಿಸಿ ಮಾತಾಡುತ್ತದೆ. ನನಗೆ ಮೂವರಲ್ಲಿ ಅದರ ಮೇಲೇ ಪಕ್ಷಪಾತ. ಆದ್ದರಿಂದ ಅದರ ಬಗ್ಗೆ ಹಬ್ಬಿರುವ ಒಂದು ಅಪವಾದವನ್ನು ಮೊದಲು ತೊಳೆಯಬೇಕು. ನೆಟ್ಟಗಿರುವ ಅಕ್ಷರದ ಭುಜ ಹಿಡಿದು ಬಲಕ್ಕೆ ತಳ್ಳಿದರೆ ಇಟಾಲಿಕ್ ಆಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಈ ಅಪವಾದಕ್ಕೆ ಆ ಗುಂಡಿಯೇ ಕಾರಣ.

ಮನೆಯಲ್ಲಿರುವ ಯಾವುದಾದರೂ ಇಂಗ್ಲಿಷ್ ಕಾದಂಬರಿ ತೆಗೆದು ನೋಡಿ. ಪುಟ ತಿರುವುತ್ತ ಹೋದರೆ ನೆಟ್ಟಗಿನ ಅಕ್ಷರಗಳ ನಡುವೆ ವಾಲಿದ ಪದವೊಂದು ಸಿಕ್ಕೇ ಸಿಗುತ್ತದೆ. ಅದರಲ್ಲಿ ಚಿಕ್ಕ 'ಎ' ಹುಡುಕಿ. ನೆಟ್ಟಗಿನ 'ಎ'ಗೆ ಕೆಳಗೊಂದು ಹೊಟ್ಟೆ, ಮೇಲೊಂದು ಬಾಗಿದ ಚಾಚು. ಇಟಾಲಿಕ್ಕಿನಲ್ಲಿ ಮೇಲಿನ ಚಾಚು ಮಾಯ. ಒಂದು ಸೊನ್ನೆ, ಪಕ್ಕಕ್ಕೊಂದು ಕಡ್ಡಿ, ಕಾಪಿ ಪುಸ್ತಕದಲ್ಲಿ ನಾವೆಲ್ಲ ತಿದ್ದಿದ 'ಎ' ಅದು. ನೆಟ್ಟಗಿನ 'ಎಫ್' ಸಾಲಿನ ಮೇಲೆ ಪಾದ ಊರಿ ನಿಂತರೆ ಇಟಾಲಿಕ್ 'ಎಫ್' ಸಾಲನ್ನು ದಾಟಿ ಕೆಳಕ್ಕೂ ಬಾಲ ಬಿಡುತ್ತದೆ. 'ಎನ್' ಇನ್ನೂ ಸ್ವಾರಸ್ಯದ್ದು. ನೆಟ್ಟಗಿನದರಲ್ಲಿ ಅದರ ಕಮಾನು ಕಂಬದ ಮೇಲ್ತುದಿಯಿಂದ ಹೊರಡುತ್ತದೆ; ಇಟಾಲಿಕ್ಕಿನಲ್ಲಿ ಕಂಬದ ಬುಡದ ಕಡೆಯಿಂದ ಹೊರಟು, ಏರಿ, ತಿರುಗಿ ಇಳಿಯುತ್ತದೆ. ಕೈಯಲ್ಲಿ ಬರೆಯುವವನು ಕಂಬ ಎಳೆದ ಮೇಲೆ ಲೇಖನಿಯನ್ನು ಎತ್ತದೆ ಹಾಗೇ ಮುಂದಕ್ಕೆ ಒಯ್ದುದರ ಗುರುತು ಅದು. ಸೆರಿಫ್ ಎನ್ನುವ ಆ ಸಣ್ಣ ಪಾದಗಳಿವೆಯಲ್ಲ, ನೆಟ್ಟಗಿನ ಅಕ್ಷರದಲ್ಲಿ ಅವು ಕಲ್ಲಿನಲ್ಲಿ ಕಡೆದ ಹಾಗೆ ಎರಡೂ ಬದಿಗೆ ಚಾಚಿಕೊಂಡಿರುತ್ತವೆ. ಇಟಾಲಿಕ್ಕಿನಲ್ಲಿ ಪಾದ ಒಂದೇ ಬದಿಗೆ. ಒಳಗೆ ಬರುವಾಗ ಒಂದು ಕೊಕ್ಕೆ, ಹೊರಗೆ ಹೋಗುವಾಗ ಒಂದು ಚಿಮ್ಮು. ಮುಂದಿನ ಅಕ್ಷರದ ಕಡೆಗೆ ಆಗಲೇ ಹೊರಟುಬಿಟ್ಟಿದೆ.

ವಾಲುವುದು ಇದರಲ್ಲಿ ಕಡೆಯ ಮಾತು. ಟೈಮ್ಸ್ ಇಟಾಲಿಕ್ 15.5 ಡಿಗ್ರಿ ವಾಲುತ್ತದೆ. ಎರಿಕ್ ಗಿಲ್ ಎಂಬ ಇಂಗ್ಲಿಷ್ ಶಿಲ್ಪಿ ರಚಿಸಿದ ಜೊವಾನಾ ಇಟಾಲಿಕ್ ಬರೀ 3 ಡಿಗ್ರಿ. ಹೇಳದಿದ್ದರೆ ಗೊತ್ತೇ ಆಗುವುದಿಲ್ಲ. ಆದರೂ ಅದು ಇಟಾಲಿಕ್ ಎಂಬುದರಲ್ಲಿ ಯಾರಿಗೂ ಅನುಮಾನ ಬಾರದು, ಏಕೆಂದರೆ ಅದರ ನಡಿಗೆ ಬೇರೆ, ಮೈಕಟ್ಟು ಕಿರಿದು. ಹೆಲ್ವೆಟಿಕಾದ ಓರೆ ರೂಪ 12 ಡಿಗ್ರಿ ವಾಲಿದರೂ ಅದರ 'ಎ' ಮೇಲಿನ ಚಾಚನ್ನು ಬಿಟ್ಟಿಲ್ಲ. ಅಂಥದ್ದಕ್ಕೆ ಅಚ್ಚಿನ ಲೋಕದಲ್ಲಿ ಒಬ್ಲೀಕ್ ಎಂಬ ಬೇರೆ ಹೆಸರೇ ಇದೆ.

ಇಟಾಲಿಕ್ಕಿನ ಹುಟ್ಟೂರು ವೆನಿಸ್. ಹದಿನೈದನೆಯ ಶತಮಾನದ ಕೊನೆಯಲ್ಲಿ ಆ ನೀರಿನ ಊರು ಯುರೋಪಿನ ಪುಸ್ತಕದ ಪೇಟೆಯಾಗಿತ್ತು. ಸಿರಿವಂತರ ಮಕ್ಕಳಿಗೆ ಗ್ರೀಕ್, ಲ್ಯಾಟಿನ್ ಪಾಠ ಹೇಳಿಕೊಂಡಿದ್ದ ಆಲ್ಡಸ್ ಮನೂಷಿಯಸ್ ಎಂಬ ಉಪಾಧ್ಯಾಯ, ನಲವತ್ತು ದಾಟಿದ ಮೇಲೆ ಅಲ್ಲಿಗೆ ಬಂದು ಅಚ್ಚುಕೂಟ ಹಾಕಿದ. ಆಗಿನ ಪಂಡಿತರ ಪುಸ್ತಕಗಳು ಮೇಜಿನ ಮೇಲಿಟ್ಟುಕೊಂಡು ಓದುವ ಗಾತ್ರದವು. ನಡುವೆ ನಾಲ್ಕು ಸಾಲು ಕಾವ್ಯ, ಸುತ್ತ ನಾಲ್ಕೂ ಕಡೆ ಟೀಕೆ. 1501ರ ಏಪ್ರಿಲ್‌ನಲ್ಲಿ ಆಲ್ಡಸ್ ವರ್ಜಿಲ್ ಕವಿಯ ಕೃತಿಗಳನ್ನು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಆಕ್ಟೇವೊ ಅಳತೆಯಲ್ಲಿ ಅಚ್ಚು ಹಾಕಿದ. ಟೀಕೆ ಇಲ್ಲ, ತಾತ್ಪರ್ಯ ಇಲ್ಲ, ಬರೀ ಮೂಲ. ಮೊದಲಿನಿಂದ ಕೊನೆಯವರೆಗೆ ಇಟಾಲಿಕ್. ಅದಕ್ಕೆ ಹಿಂದಿನ ವರ್ಷ ಸಿಯೆನಾದ ಸಂತ ಕ್ಯಾಥರೀನಳ ಪತ್ರಗಳ ಪುಸ್ತಕದ ಒಂದು ಚಿತ್ರದೊಳಗೆ ನಾಲ್ಕಾರು ಪದ ಈ ಅಕ್ಷರದಲ್ಲಿ ತಲೆಹಾಕಿದ್ದವು, ರಂಗಪ್ರವೇಶವೆಂದರೆ ವರ್ಜಿಲ್‌ನದೇ. ಅದೇ ವರ್ಷ ಪೆಟ್ರಾರ್ಕ್, ಮರುವರ್ಷ ಡಾಂಟೆ ಬಂದರು. ಕುದುರೆಯ ಮೇಲೆ ಹೋಗುವವನು, ತೋಟದಲ್ಲಿ ಅಡ್ಡಾಡುವವನು, ರಾಯಭಾರಿ, ಎಲ್ಲರ ಜೇಬಿಗೂ ಕಾವ್ಯ ಇಳಿಯಿತು. ಇವತ್ತು ಇಟಾಲಿಕ್‌ನಲ್ಲಿ ಒಂದು ಪುಟ ಅಚ್ಚಾದರೆ ಓದುಗರು ಗೊಣಗುತ್ತಾರೆ. ಅಂದಿನವರು ಇಡಿಯ ಮಹಾಕಾವ್ಯವನ್ನು ಹಾಗೇ ಓದಿ ದಕ್ಕಿಸಿಕೊಂಡರು. ಅವರ ಕಣ್ಣೇನೂ ನಮ್ಮದಕ್ಕಿಂತ ಗಟ್ಟಿಯಿರಲಿಲ್ಲ. ವಿದ್ಯಾವಂತರು ತಮ್ಮ ತಮ್ಮಲ್ಲೇ ಬರೆದುಕೊಳ್ಳುತ್ತಿದ್ದ ಕೈಬರಹ ಹೆಚ್ಚು ಕಡಿಮೆ ಅದೇ ಆಗಿತ್ತು.

ಆ ಕೈಬರಹದ ಬೇರು ಫ್ಲಾರೆನ್ಸಿನಲ್ಲಿ ಇದೆ. ಹಳೆಯ ಗ್ರಂಥ ಕಂಡರೆ ಪ್ರತಿ ಮಾಡಿಕೊಳ್ಳದೆ ಬಿಡದ ನಿಕೊಲೊ ನಿಕೊಲಿ ಎಂಬವನಿದ್ದ, 1437ರಲ್ಲಿ ತೀರಿಕೊಂಡ. ದಿನವಿಡೀ ಪ್ರತಿ ಮಾಡುವವನ ಕೈ ತಾನಾಗಿ ವಾಲುತ್ತದೆ, ಅಕ್ಷರ ಕಿರಿದಾಗುತ್ತದೆ, ಲೇಖನಿ ಎತ್ತುವುದು ಕಡಿಮೆಯಾಗುತ್ತದೆ. ಅವಸರದ ಆ ಬರಹವನ್ನೇ ಮುಂದಿನವರು ತಿದ್ದಿ ತೀಡಿ ಸೊಗಸು ಮಾಡಿದರು. ಪಡುವಾದ ಬಾರ್ತೊಲೊಮಿಯೊ ಸಾನ್‌ವಿತೊನ ಕೈಬರಹವೇ ಆಲ್ಡಸ್‌ಗೆ ಮೇಲ್ಪಂಕ್ತಿಯಾಗಿರಬೇಕು ಎಂದು ಕೆಲವು ವಿದ್ವಾಂಸರ ಊಹೆ.

ಬರಹವನ್ನು ಲೋಹಕ್ಕೆ ಇಳಿಸಿದವನು ಬೊಲೊನ್ಯಾದ ಫ್ರಾಂಚೆಸ್ಕೊ ಗ್ರಿಫೊ, ಅಕ್ಕಸಾಲಿಗನ ಮಗ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಅರದಿಂದ ತೀಡಿ, ಅದನ್ನು ತಾಮ್ರದ ತುಂಡಿಗೆ ಬಡಿದು, ಬಿದ್ದ ಗುಳಿಗೆ ಸೀಸದ ಮಿಶ್ರಣ ಎರೆದರೆ ಮೊಳೆ ಸಿಗುತ್ತದೆ. ಕೂದಲಿನಷ್ಟು ಹೆಚ್ಚು ತೀಡಿದರೂ ಮತ್ತೆ ಮೊದಲಿನಿಂದ ಶುರು. ಅಕ್ಷರ ಅಕ್ಷರಕ್ಕೆ ತಗುಲಿಕೊಳ್ಳುವ ಕೈಬರಹದ ಗುಣ ಕೆಡಬಾರದೆಂದು ಗ್ರಿಫೊ 60ಕ್ಕೂ ಹೆಚ್ಚು ಜೋಡಕ್ಷರಗಳನ್ನು ಕೆತ್ತಿದ. ಒತ್ತು, ಕೊಂಬು, ಏತ್ವಗಳ ನಡುವೆ ಆಯಸ್ಸು ಸವೆಸಿದ ಕನ್ನಡದ ಕಂಪೋಸಿಟರ್ ಈ ಸಂಖ್ಯೆ ಕೇಳಿ 'ಇಷ್ಟೇನಾ?' ಎಂದಾನು, ರೋಮನ್ ಲಿಪಿಯವರಿಗೆ ಅದು ದೊಡ್ಡ ಹೊರೆ. ದೊಡ್ಡಕ್ಷರಗಳನ್ನು ಮಾತ್ರ ಗ್ರಿಫೊ ಬಾಗಿಸಲಿಲ್ಲ. ವರ್ಜಿಲ್‌ನ ಪುಟದಲ್ಲಿ ಪ್ರತಿ ಸಾಲಿನ ಮೊದಲಿಗೆ ಕುಳ್ಳನೆಯ ದೊಡ್ಡಕ್ಷರವೊಂದು ನೆಟ್ಟಗೆ ನಿಂತಿದೆ. ಅದರಿಂದ ಒಂದು ಹೆಜ್ಜೆ ದೂರದಲ್ಲಿ ಚಿಕ್ಕಕ್ಷರಗಳು ವಾಲಿಕೊಂಡು ಹೊರಟಿವೆ. ದೊಡ್ಡವರೂ ಬಾಗಲು ಕೆಲವು ದಶಕ ಹಿಡಿಯಿತು.

ಆಲ್ಡಸ್ ಆ ಪುಸ್ತಕದಲ್ಲೇ ಮೂರು ಸಾಲಿನ ಪದ್ಯ ಹಾಕಿ ಬೊಲೊನ್ಯಾದ ಫ್ರಾಂಚೆಸ್ಕೊನ ಕೈಚಳಕವನ್ನು ಹೊಗಳಿದ. ಆದರೆ ಹೊಸ ಅಕ್ಷರವನ್ನು ಬೇರೆ ಯಾರೂ ನಕಲು ಮಾಡಬಾರದೆಂದು ವೆನಿಸ್ ಸರ್ಕಾರದಿಂದ ಹಕ್ಕುಪತ್ರ ಪಡೆದದ್ದು ತನ್ನ ಹೆಸರಿಗೆ. ಕೆಸರಾದ ಕೈ ಒಬ್ಬನದು, ಮೊಸರು ಸಿಕ್ಕ ಬಾಯಿ ಇನ್ನೊಬ್ಬನದು. ಗ್ರಿಫೊ ಮುನಿಸಿಕೊಂಡು ಫಾನೊ ಎಂಬ ಊರಿನ ಸೊನ್ಚಿನೊನ ಅಚ್ಚುಕೂಟ ಸೇರಿದ. 1503ರಲ್ಲಿ ಸೊನ್ಚಿನೊ ತಾನು ಹೊರತಂದ ಪೆಟ್ರಾರ್ಕ್‌ನ ಮುನ್ನುಡಿಯಲ್ಲಿ, ಈ ಅಕ್ಷರದ ಕರ್ತೃ ಗ್ರಿಫೊನೇ ಎಂದು ಡಂಗುರ ಸಾರಿದ. ಹಕ್ಕುಪತ್ರದ ಗತಿಯೂ ಅಷ್ಟರಲ್ಲೇ ಇತ್ತು. ವೆನಿಸ್‌ನ ಕಾಯಿದೆ ನಡೆಯದ ಲಿಯಾನ್ ಪಟ್ಟಣದ ಮುದ್ರಕರು ಅದೇ ಗಾತ್ರ, ಅದೇ ಓರೆಯಕ್ಷರದಲ್ಲಿ ಕಳ್ಳಪ್ರತಿ ತೆಗೆದರು. ಆಲ್ಡಸ್ ಸಿಟ್ಟಿಗೆದ್ದು 1503ರಲ್ಲಿ ಒಂದು ಎಚ್ಚರಿಕೆಯ ಪತ್ರ ಹೊರಡಿಸಿದ: ಅವರ ಕಾಗದ ಕೀಳು, ಒಂಥರಾ ನಾತ ಬೇರೆ, ಇಂತಿಂಥ ಪುಸ್ತಕದಲ್ಲಿ ಇಂತಿಂಥ ತಪ್ಪಿದೆ. ಲಿಯಾನಿನವರು ಆ ಪತ್ರವನ್ನು ಎದುರಿಗಿಟ್ಟುಕೊಂಡು ತಮ್ಮ ತಪ್ಪುಗಳನ್ನೆಲ್ಲ ತಿದ್ದಿಕೊಂಡರು. ಪುಕ್ಕಟೆಯಾಗಿ ಇಷ್ಟು ಒಳ್ಳೆಯ ಕರಡು ತಿದ್ದುವವ ಅವರಿಗೆ ಇನ್ನೆಲ್ಲಿ ಸಿಗುತ್ತಿದ್ದ?

ಗ್ರಿಫೊನ ಕಥೆಗೆ ಸುಖಾಂತ್ಯವಿಲ್ಲ. 1516ರಲ್ಲಿ ಅವನು ಊರಿಗೆ ಮರಳಿ ಹೊಸ ಇಟಾಲಿಕ್ ಕೆತ್ತಿ, ತಾನೇ ಪುಟಾಣಿ ಪುಸ್ತಕಗಳನ್ನು ಅಚ್ಚು ಹಾಕತೊಡಗಿದ. ತನ್ನ ಅಕ್ಷರದಿಂದ ಆಲ್ಡಸ್‌ಗೆ ಹಣವೂ ಬಂತು, ಅಳಿಯದ ಹೆಸರೂ ಬಂತು ಎಂದು ಮುನ್ನುಡಿಯಲ್ಲಿ ಹೊಟ್ಟೆಯುರಿ ತೋಡಿಕೊಂಡ. ಆಲ್ಡಸ್ ತೀರಿಕೊಂಡು ಆಗಲೇ ವರ್ಷವಾಗಿತ್ತು. 1518ರಲ್ಲಿ ಅಳಿಯನೊಂದಿಗೆ ಜಗಳವಾಗಿ, ಕಬ್ಬಿಣದ ಸರಳಿನಿಂದ ಹೊಡೆದು ಕೊಂದ ಆರೋಪ ಗ್ರಿಫೊನ ಮೇಲೆ ಬಂತು. ಅಲ್ಲಿಂದ ಮುಂದೆ ದಾಖಲೆಗಳಲ್ಲಿ ಅವನ ಸುಳಿವಿಲ್ಲ. ಇಷ್ಟು ಮೃದುವಾದ ಗೆರೆಗಳನ್ನು ತೆಗೆದ ಕೈ ಅದು ಎಂಬುದನ್ನು ನಾನು ಇನ್ನೂ ಪೂರ್ತಿ ನಂಬಲಾರೆ.

ಗ್ರಿಫೊನ ಅಕ್ಷರ ಕೆಲಸದ್ದು. ಒಯ್ಯಾರದ್ದು ಬೇಕಾದರೆ ರೋಮಿಗೆ ಹೋಗಬೇಕು. ಪೋಪರ ಕಚೇರಿಯಲ್ಲಿ ಆಜ್ಞಾಪತ್ರಗಳನ್ನು ಬರೆಯುತ್ತಿದ್ದ ವಿಚೆಂಜಾದ ಲುಡೊವಿಕೊ ಅರಿಗಿ ಎಂಬ ಲಿಪಿಕಾರ, 1522ರ ತಾರೀಖು ಹೊತ್ತ 'ಲಾ ಒಪೆರಿನಾ' ಎಂಬ 32 ಪುಟದ ಕೈಬರಹದ ಪಾಠಪುಸ್ತಕ ತಂದ. ಪಾಠವೂ ಆ ಬರಹದಲ್ಲೇ ಇದೆ. ಪುಟಪುಟವನ್ನೂ ಮರದ ಹಲಗೆಯಲ್ಲಿ ಕೆತ್ತಿಸಿ ಅಚ್ಚು ಹಾಕಿಸಿದ್ದ. ಅವನ ಉಪದೇಶ ಸರಳ: ಎಲ್ಲ ಅಕ್ಷರಗಳೂ ಎರಡು ಬಗೆಯ ಗೆರೆಗಳಿಂದಲೇ ಶುರುವಾಗುತ್ತವೆ, ಒಂದು ಅಡ್ಡಕ್ಕೆ ದಪ್ಪ, ಇನ್ನೊಂದು ಓರೆಗೆ ಸಣ್ಣ. ಅಕ್ಷರದ ಮೈ ಚೌಕದೊಳಗೆ ಕೂರಬಾರದು, ಉದ್ದನೆಯ ಓರೆ ಚತುಷ್ಕೋನದೊಳಗೆ ಕೂರಬೇಕು. ಆಮೇಲೆ 1524ರ ಹೊತ್ತಿಗೆ ಅವನು ತಾನೇ ಮುದ್ರಕನಾಗಿ, ತನ್ನ ಬರಹವನ್ನೇ ಮೊಳೆಗೆ ಇಳಿಸಿದ. ಮೇಲೇರುವ ಕಡ್ಡಿಗಳ ತುದಿ ಗಾಳಿಗೆ ಬಾಗಿದಂತೆ ಬಲಕ್ಕೆ ತಿರುಗಿದವು, ಸಾಲು ಸಾಲಿನ ನಡುವೆ ಉಸಿರಾಡಲು ಜಾಗ ಬಂತು. ಆಲ್ಡಸ್‌ಗೆ ಜಾಗ ಉಳಿಸುವ ಆತುರ ಇತ್ತು, ಅರಿಗಿಗೆ ಇರಲಿಲ್ಲ. 1527ರಲ್ಲಿ ಚಕ್ರವರ್ತಿಯ ದಂಡು ರೋಮನ್ನು ಸೂರೆಮಾಡಿತು. ಅರಿಗಿಯ ಹೆಸರು ಅಲ್ಲಿಗೆ ಕಾಣೆ. ಇಟಾಲಿಕ್ಕಿನ ಇಬ್ಬರು ಮೂಲಪುರುಷರೂ ಹೀಗೆ ಊಟದ ನಡುವೆ ಎದ್ದು ಹೋದವರ ಹಾಗೆ ಹೋಗಿಬಿಟ್ಟರು.

ಅವರು ಹೋದ ಕೆಲವೇ ದಶಕಗಳಲ್ಲಿ ಅಕ್ಷರದ ದೆಸೆಯೂ ತಿರುಗಿತು. ಫ್ರಾನ್ಸಿನಲ್ಲಿ ಗ್ಯಾರಮಂಡ್‌ನಂಥವರ ನೆಟ್ಟಗಿನ ಅಕ್ಷರ ಪುಟದ ಯಜಮಾನಿಕೆ ಹಿಡಿಯಿತು. ರಾಬರ್ಟ್ ಗ್ರಾನ್‌ಜೊನ್‌ನಂಥ ಕುಶಲಿಗಳು ಕೆತ್ತಿದ ಇಟಾಲಿಕ್ ಎಷ್ಟೇ ಚೆಲುವಾಗಿದ್ದರೂ ಮುನ್ನುಡಿಗೆ, ಪದ್ಯಕ್ಕೆ, ಉಲ್ಲೇಖಕ್ಕೆ ಸರಿಯಿತು. ತಾನೇ ಕಛೇರಿ ನಡೆಸುತ್ತಿದ್ದದ್ದು ಪಕ್ಕವಾದ್ಯಕ್ಕೆ ಕುಳಿತುಕೊಂಡಿತು. ಕೆಳಗಿಳಿಸಿದರು ಎಂದು ಮರುಗುವವರಿದ್ದಾರೆ, ನಾನು ಮರುಗುವುದಿಲ್ಲ. ಪಿಟೀಲಿನವರು ಇರುವುದರಿಂದಲೇ ಹಾಡುಗಾರನಿಗೆ ನಡುವೆ ಉಸಿರು ತೆಗೆದುಕೊಳ್ಳಲು ಆಗುವುದು. ಆದರೆ ಪಕ್ಕವಾದ್ಯದವರು ಹಾಡುಗಾರನಿಗೆ ಹೊಂದಬೇಕು, ಮೀರಲೂಬಾರದು, ಹಿಂದೆ ಬೀಳಲೂಬಾರದು. ಅಕ್ಷರಶಿಲ್ಪಿಗಳ ತಲೆಬೇನೆ ಶುರುವಾದದ್ದು ಇಲ್ಲಿಂದ.

ಇದಕ್ಕೆ ಒಳ್ಳೆಯ ಪ್ರಸಂಗ 1929ರದು. ಇಂಗ್ಲೆಂಡಿನ ಮೋನೊಟೈಪ್ ಸಂಸ್ಥೆ ಗ್ರಿಫೊ 1496ರಲ್ಲಿ ಕೆತ್ತಿದ್ದ ನೆಟ್ಟಗಿನ ಅಕ್ಷರವನ್ನು ಬೆಂಬೊ ಎಂಬ ಹೆಸರಿನಲ್ಲಿ ಮತ್ತೆ ಬದುಕಿಸಿತು. ಜೊತೆಗೊಂದು ಇಟಾಲಿಕ್ ಬೇಕಲ್ಲ? ಆಲ್ಫ್ರೆಡ್ ಫೇರ್‌ಬ್ಯಾಂಕ್ ಎಂಬ ಕೈಬರಹಗಾರನಿಂದ ಬರೆಸಿದರು. ಕಿರಿದಾಗಿ, ಬಿಗಿಯಾಗಿ, ಸೊಗಸಾಗಿ ಬಂತು. ತೀರಾ ಸೊಗಸಾಗಿ ಬಂತು. ಬೆಂಬೊ ಪಕ್ಕದಲ್ಲಿ ಇಟ್ಟರೆ ಕಣ್ಣು ಅದರ ಮೇಲೆಯೇ ಹೋಗುತ್ತದೆ. ಪಿಟೀಲು ಹಾಡುಗಾರನನ್ನೇ ಮುಳುಗಿಸುತ್ತದೆ ಎಂದು ಅದನ್ನು ಬೇರೆಯಾಗಿ ಮಾರಾಟಕ್ಕಿಟ್ಟು, ವೆನಿಸ್‌ನ ತಾಲ್ಯೆಂಟೆ ಎಂಬ ಲಿಪಿಕಾರನ ಮಾದರಿಯ ಸಾಧುವಾದ ಇಟಾಲಿಕ್ ಒಂದನ್ನು ಬೆಂಬೊಗೆ ಗಂಟುಹಾಕಿದರು. ಇಟಾಲಿಕ್ಕನ್ನು ಕೆತ್ತಿದವನ ನೆಟ್ಟಗಿನ ಅಕ್ಷರಕ್ಕೆ ಬೇರೊಬ್ಬನ ಇಟಾಲಿಕ್! ಅದೇ ಕಾಲದಲ್ಲಿ ಬ್ರೂಸ್ ರಾಜರ್ಸ್ ಎಂಬ ಅಮೆರಿಕದ ಪುಸ್ತಕಶಿಲ್ಪಿ ತನ್ನ ಸೆಂಟಾರ್ ಅಕ್ಷರಕ್ಕೆ ಇಟಾಲಿಕ್ ತಾನೇ ಬರೆಯುವ ಗೋಜಿಗೆ ಹೋಗಲಿಲ್ಲ. ಫ್ರೆಡರಿಕ್ ವಾರ್ಡ್ ಎಂಬವನು 1925ರಲ್ಲಿ ಅರಿಗಿಯ ಮೊಳೆಗಳನ್ನು ನೋಡಿ ರಚಿಸಿದ್ದ, ಅರಿಗಿ ಎಂಬ ಹೆಸರಿನದೇ ಆದ ಇಟಾಲಿಕ್ಕನ್ನು ಜೊತೆಮಾಡಿಕೊಂಡ. ಒಂದು ಪುಟದಲ್ಲಿ ಸೆಂಟಾರ್ ನಡುವೆ ಎರಡು ಪದ ಅರಿಗಿ ಬಂದರೆ ಸಾಕು, ನಾನು ಓದುತ್ತಿದ್ದ ವಿಷಯವನ್ನು ಮರೆತು ಆ ಎರಡು ಪದಗಳನ್ನೇ ನೋಡುತ್ತ ಕೂರುತ್ತೇನೆ. ಪಕ್ಕವಾದ್ಯದ ದೃಷ್ಟಿಯಿಂದ ಅದು ದೋಷವೇ ಇರಬಹುದು.

ಸ್ಟ್ಯಾನ್ಲಿ ಮಾರಿಸನ್ ಎಂಬ ದೊಡ್ಡ ಪಂಡಿತನಿಗೆ ಇಂಥ ತಲೆಬೇನೆಗಳಿಂದ ಬೆಂಬೊಗೂ ಮೊದಲೇ ತಾಳ್ಮೆ ತಪ್ಪಿತ್ತು. 1926ರಲ್ಲಿ ಒಂದು ಲೇಖನ ಬರೆದು, ಕೈಬರಹದ ಈ ವಯ್ಯಾರವೆಲ್ಲ ಬೇಡ, ನೆಟ್ಟಗಿನ ಅಕ್ಷರವನ್ನೇ ವಾಲಿಸಿದರೆ ಅದೇ ಆದರ್ಶ ಇಟಾಲಿಕ್ ಎಂದು ವಾದಿಸಿದ. ನಮ್ಮ ಐ ಗುಂಡಿಯ ತತ್ತ್ವವನ್ನು ಕಂಪ್ಯೂಟರು ಬರುವ ಮುಂಚೆಯೇ ಹೇಳಿಬಿಟ್ಟ. ಡಚ್ ಶಿಲ್ಪಿ ಯಾನ್ ವಾನ್ ಕ್ರಿಂಪೆನ್ ನಂಬಿ ರೊಮ್ಯುಲಸ್ ಎಂಬ ಅಕ್ಷರಕ್ಕೆ ಹಾಗೇ ಮಾಡಿ ನೋಡಿದ. ತರ್ಕ ಸರಿಯಿತ್ತು, ಪುಟ ನಿರ್ಜೀವವಾಯಿತು. ಸ್ವತಃ ಮಾರಿಸನ್‌ನ ಮೇಲ್ವಿಚಾರಣೆಯಲ್ಲಿ 1932ರಲ್ಲಿ ಟೈಮ್ಸ್ ಪತ್ರಿಕೆಗೆ ಹೊಸ ಅಕ್ಷರ ತಯಾರಾದಾಗ ಅದರ ಇಟಾಲಿಕ್ಕಿನ 'ಎ'ಗೆ ಮೇಲಿನ ಚಾಚು ಇರಲಿಲ್ಲ, ಕಾಪಿ ಪುಸ್ತಕದ್ದೇ ಇತ್ತು. ಸಿದ್ಧಾಂತ ಲೇಖನಕ್ಕಾಯಿತು, ಪತ್ರಿಕೆ ದಿನಾ ಹೊರಡಬೇಕಲ್ಲ.

ಪಕ್ಕಕ್ಕೆ ಸರಿದ ಮೇಲೆ ಇಟಾಲಿಕ್‌ಗೆ ಸಿಕ್ಕಿದ ಕೆಲಸಗಳೇ ಒಂದು ಲೋಕ. ಪುಸ್ತಕದ ಹೆಸರು, ಹಡಗಿನ ಹೆಸರು, ಪತ್ರಿಕೆಯ ಹೆಸರು ಓರೆ. ನಮ್ಮ ಶ್ರೀಗಂಧ ಸಸ್ಯಶಾಸ್ತ್ರದ ಪುಟದಲ್ಲಿ ಸ್ಯಾಂಟಲಮ್ ಆಲ್ಬಮ್ ಎಂದು ವಾಲಿಕೊಂಡೇ ನಿಲ್ಲಬೇಕು. ಭೌತಶಾಸ್ತ್ರದಲ್ಲಿ 'ಎಮ್' ಓರೆಯಾಗಿದ್ದರೆ ದ್ರವ್ಯರಾಶಿ, ನೆಟ್ಟಗಿದ್ದರೆ ಮೀಟರು. ವಾಲಿದೆಯೋ ಇಲ್ಲವೋ ಎಂಬುದರ ಮೇಲೆ ಲೆಕ್ಕದ ಅರ್ಥ ನಿಂತಿದೆ. ನನಗೆ ಬಹಳ ಇಷ್ಟವಾದದ್ದು ವಕೀಲರ ಪದ್ಧತಿ. ಇಂಗ್ಲಿಷ್ ಕಾನೂನು ಪುಸ್ತಕಗಳಲ್ಲಿ ಮನುಷ್ಯನ ಹೆಸರು ನೆಟ್ಟಗೆ, ಅದೇ ಹೆಸರು ಮೊಕದ್ದಮೆಯದ್ದಾದರೆ ಓರೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ತಮ್ಮಷ್ಟಕ್ಕೆ ನೆಟ್ಟಗಿನ ಅಕ್ಷರದಲ್ಲೇ ಇದ್ದರು. 1973ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಸಂವಿಧಾನದ ಪುಸ್ತಕಗಳಲ್ಲೆಲ್ಲ ಅವರ ಹೆಸರು ವಾಲಿದೆ.

ಎಲ್ಲ ಕಡೆಯೂ ಅದು ಒತ್ತಿ ಹೇಳುವ ಗುರುತಲ್ಲ. 1560ರ ಜಿನೀವಾ ಬೈಬಲಿನಲ್ಲಿ, ಮೂಲದಲ್ಲಿಲ್ಲದೆ ಇಂಗ್ಲಿಷಿನ ವಾಕ್ಯ ಪೂರ್ತಿಯಾಗಲೆಂದು ಅನುವಾದಕರು ಸೇರಿಸಿದ ಪದಗಳನ್ನು ಇಟಾಲಿಕ್‌ನಲ್ಲಿ ಹಾಕಿದರು. ಜೇಮ್ಸ್ ದೊರೆಯ ಬೈಬಲಿನ ಮುಂದಿನ ಅಚ್ಚುಗಳೂ ಅದೇ ದಾರಿ ಹಿಡಿದವು. ಅಂದರೆ ಅಲ್ಲಿ ಓರೆ ಪದ ಎಲ್ಲಕ್ಕಿಂತ ಹಗುರಾದದ್ದು. ಗೊತ್ತಿಲ್ಲದವರು ಒತ್ತಿ ಓದಿದರೆ ಫಜೀತಿ. ಮೊದಲನೆಯ ಅರಸುಗಳ ಗ್ರಂಥದ 13ನೆಯ ಅಧ್ಯಾಯದಲ್ಲಿ ಒಬ್ಬ ಮುದಿ ಪ್ರವಾದಿ ಕತ್ತೆಗೆ ತಡಿ ಹಾಕಿ ಎಂದು ಮಕ್ಕಳಿಗೆ ಹೇಳುತ್ತಾನೆ, ಅವರು ಹಾಕುತ್ತಾರೆ. ಯಾರಿಗೆ ಹಾಕಿದರು ಎಂಬಲ್ಲಿ ಬರುವ ಸರ್ವನಾಮ ಇಂಗ್ಲಿಷಿನಲ್ಲಿ ಸೇರಿಸಿದ್ದು, ಆದ್ದರಿಂದ ಇಟಾಲಿಕ್. ಕತ್ತೆಗೂ ಗಂಡಸಿಗೂ ಒಂದೇ ಸರ್ವನಾಮ. ಅದನ್ನು ಒತ್ತಿ ಓದಿದರೆ ತಡಿ ಬೀಳುವುದು ಅಪ್ಪನ ಬೆನ್ನಿಗೆ. ಇಂಗ್ಲಿಷ್ ಪಾದ್ರಿಗಳು ಈ ಕಥೆ ಹೇಳಿಕೊಂಡು ನಕ್ಕದ್ದಕ್ಕೆ ಲೆಕ್ಕವಿಲ್ಲ.

ಕಾದಂಬರಿಕಾರರಲ್ಲಿ ಇಟಾಲಿಕ್ಕನ್ನು ಗಂಭೀರವಾಗಿ ದುಡಿಸಿಕೊಂಡವನು ಫಾಕ್ನರ್. 1929ರ 'ದ ಸೌಂಡ್ ಅಂಡ್ ದ ಫ್ಯೂರಿ'ಯ ಮೊದಲ ಭಾಗ ಬುದ್ಧಿ ಬೆಳೆಯದ ಬೆಂಜಿಯ ಮನಸ್ಸಿನಲ್ಲಿ ನಡೆಯುತ್ತದೆ. ಅವನಿಗೆ ನಿನ್ನೆಯೂ ಇಪ್ಪತ್ತು ವರ್ಷದ ಹಿಂದಿನದ್ದೂ ಒಂದೇ. ಕಾಲ ಜಾರಿದ ಕಡೆಗಳಲ್ಲಿ ಅಕ್ಷರ ಓರೆಗೆ ತಿರುಗುತ್ತದೆ. ಸಂಪಾದಕ ಅದನ್ನು ತೆಗೆದು ಸಾಲು ಬಿಟ್ಟಾಗ ಫಾಕ್ನರ್ ಕೆರಳಿ ಮತ್ತೆ ಹಾಕಿಸಿದ. ಅವನಿಗೆ ನಿಜಕ್ಕೂ ಬೇಕಾಗಿದ್ದದ್ದು ಒಂದೊಂದು ಕಾಲಕ್ಕೆ ಒಂದೊಂದು ಬಣ್ಣದ ಶಾಯಿ. ಅಷ್ಟು ದುಂದು ಆಗ ಯಾವ ಪ್ರಕಾಶಕ ಮಾಡಿಯಾನು? ಬಡವನ ಬಣ್ಣವಾಗಿ ಇಟಾಲಿಕ್ ಒದಗಿತು.

ಪರಭಾಷೆಯ ಪದಕ್ಕೆ ಇಟಾಲಿಕ್ ಎಂಬ ನಿಯಮ ನಮ್ಮವರನ್ನು ಬಹಳ ಕಾಲ ಕಾಡಿತು. ಇಂಗ್ಲಿಷಿನಲ್ಲಿ ಬರೆಯುವ ಭಾರತೀಯರ ಕಥೆಗಳಲ್ಲಿ ಮನೆಮಂದಿ ನೆಟ್ಟಗೆ ಕೂತು ವಾಲಿದ ದೋಸೆ ತಿನ್ನುತ್ತಿದ್ದರು. ನಿಘಂಟಿಗೆ ಸೇರಿದ ಮೇಲೆ ಇಡ್ಲಿ ದೋಸೆಗಳು ನೆಟ್ಟಗಾದವು. ಸೊಪ್ಪಿನ ಹುಳಿ, ತಂಬುಳಿಗಳಿಗೆ ಆ ಭಾಗ್ಯ ಇನ್ನೂ ಇಲ್ಲ. ಈಗಿನ ಎಷ್ಟೋ ಲೇಖಕರು 'ನಮ್ಮ ಮನೆಯ ಮಾತು ನಮಗೇಕೆ ಪರಕೀಯ?' ಎಂದು ಇಟಾಲಿಕ್ ಹಾಕಲು ಒಪ್ಪುವುದಿಲ್ಲ. ಅವರ ಹಟ ಸರಿ. ಸೊಪ್ಪಿನ ಹುಳಿಯನ್ನು ಓರೆ ಮಾಡಿದರೆ ಚೆಲ್ಲುತ್ತದೆ.

ನಮ್ಮೂರಿನ ಟ್ರೆಡಲ್ ಪ್ರೆಸ್ಸಿನಲ್ಲಿ ಇಂಗ್ಲಿಷ್ ಇಟಾಲಿಕ್ ಮೊಳೆಗಳ ಒಂದು ಕೇಸ್ ಇತ್ತು. ಮದುವೆಯ ಕಾಗದಕ್ಕೂ ವಕೀಲರ ವಿಸಿಟಿಂಗ್ ಕಾರ್ಡಿಗೂ ಬಿಟ್ಟರೆ ಅದನ್ನು ಹೊರಕ್ಕೆ ಎಳೆಯುತ್ತಿರಲಿಲ್ಲ. ಇಟಾಲಿಕ್ 'ಎಫ್'ನ ತಲೆ, ಬಾಲ ಎರಡೂ ಮೊಳೆಯ ಮೈಯಿಂದ ಆಚೆಗೆ ಚಾಚಿಕೊಂಡಿರುತ್ತವೆ, ಪಕ್ಕದ ಅಕ್ಷರದ ಹೆಗಲ ಮೇಲೆ ಕೈ ಹಾಕಿದ ಹಾಗೆ. ಸೀಸದ ಆ ಸಣ್ಣ ಚಾಚು ಒತ್ತಡಕ್ಕೆ ಪಟ್ಟೆಂದು ಮುರಿಯುತ್ತದೆ. ಎಲ್ಲ ಪ್ರೆಸ್ಸಿನಲ್ಲೂ ಮೊದಲು ಖಾಲಿಯಾಗುತ್ತಿದ್ದದ್ದು ಎಫ್‌ನ ಮನೆ. ನಮ್ಮ ಕಂಪೋಸಿಟರ್ ಮಾಮ ಗಿರಾಕಿಯನ್ನು ಗಂಭೀರವಾಗಿ ಕೇಳುತ್ತಿದ್ದ: 'ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ವರೆಗೆ ಕೂಡಿಸ್ತೀನಿ ಸ್ವಾಮಿ, ಫ್ರಮ್ ಬೇಕೇ ಬೇಕಾ? ಯಾರ ಕಡೆಯಿಂದ ಅಂತ ಜನಕ್ಕೆ ಗೊತ್ತಾಗೋದಿಲ್ವಾ?'

ಕಂಪ್ಯೂಟರ್ ಬಂದ ಮೇಲೆ ಎಫ್‌ಗೆ ಬರ ತೀರಿತು. 1991ರಲ್ಲಿ ಪೆಟ್ರೀಷಿಯಾ ಸಾಂಡರ್ಸ್ ಎಂಬಾಕೆ ಅರಿಗಿಯ ಬರಹದ ಜಾಡಿನಲ್ಲಿ ಮೋನೊಟೈಪ್ ಕಾರ್ಸಿವಾ ಎಂಬ ಅಕ್ಷರ ರಚಿಸಿದಳು. ಅದು ಮೈಕ್ರೋಸಾಫ್ಟ್ ಆಫೀಸಿನ ಜೊತೆ ಬಿಟ್ಟಿಯಾಗಿ ಊರೂರಿಗೆ ಬಂತು. ಹೀಗೆ ಪೋಪರ ಗುಮಾಸ್ತನ ಕೈ ಚಿಕ್ಕಪೇಟೆಯ ಲಗ್ನಪತ್ರಿಕೆಗೆ, ಕಾಲೇಜಿನ ಸರ್ಟಿಫಿಕೇಟಿಗೆ, ಬೇಕರಿಯ ಬೋರ್ಡಿಗೆ ತಲುಪಿತು. ಅರಿಗಿ ನೋಡಿದ್ದರೆ ಖುಷಿಪಡುತ್ತಿದ್ದನೇನೋ, ವರನ ಹೆಸರು ನೋಡುವವರೆಗೆ. ಏಕೆಂದರೆ ನಮ್ಮವರು ಅದನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಹಾಕಿಸುತ್ತಾರೆ. ಬಳುಕುವ ದೊಡ್ಡಕ್ಷರ ಪದದ ಮೊದಲಿಗೆ ಒಂದೇ ಇರಬೇಕು. ಎಂಟು ಜನ ಸಾಲಾಗಿ ಬಳುಕಿದರೆ ಯಾವ ಹೆಸರು ಎಂದು ಕೇಳಿ ತಿಳಿಯಬೇಕಾಗುತ್ತದೆ.

ಕಾರ್ಡಿನ ಇನ್ನೊಂದು ಬದಿಯಲ್ಲಿ ಕನ್ನಡ. ಅದನ್ನೂ ಐ ಗುಂಡಿ ಒತ್ತಿ ವಾಲಿಸಿರುತ್ತಾರೆ. ಇಲ್ಲಿ ನನ್ನ ತಾಳ್ಮೆ ತೀರುತ್ತದೆ. ನಮ್ಮ ಅಕ್ಷರದ ಅಂದ ದುಂಡಗಿನದು; ಒತ್ತಕ್ಷರ ಮೂಲಾಕ್ಷರದ ಕೆಳಗೆ, ತಲೆಕಟ್ಟು ಮೇಲೆ, ಹೀಗೆ ಅಂತಸ್ತು ಅಂತಸ್ತಾಗಿ ನಿಂತದ್ದು. ಯಂತ್ರ ಅದನ್ನು ಬಲಕ್ಕೆ ತಳ್ಳಿದರೆ ತಲೆಕಟ್ಟು ಮುಂದಿನ ಅಕ್ಷರದ ಮೇಲೆ ಎರಗುತ್ತದೆ, ಒತ್ತು ಹಿಂದಿನ ಅಕ್ಷರದ ಕಾಲಿಗೆ ತೊಡರುತ್ತದೆ, ಗುಂಡಗಿದ್ದ ಹೊಟ್ಟೆ ಹಿಸುಕಿದ ನಿಂಬೆಯಾಗುತ್ತದೆ. ಈಚೆಗೆ ಟಿರೋ ಕನ್ನಡದಂಥ ಕೆಲವು ಅಕ್ಷರಕುಟುಂಬಗಳು ನೆಟ್ಟಗಿನದರ ಜೊತೆ ಇಟಾಲಿಕ್ಕನ್ನೂ ಕೊಡತೊಡಗಿವೆ. ಆದರೆ ನಮಗೆ ಅದರ ಅಗತ್ಯವಾದರೂ ಎಷ್ಟಿದೆ? ಇಂಗ್ಲಿಷಿನಲ್ಲಿ ಒತ್ತು ದನಿಯಲ್ಲಿ ಇರುವುದರಿಂದ ಕಾಗದದ ಮೇಲೆ ಅದನ್ನು ತೋರಿಸಲು ಓರೆಯಕ್ಷರ ಬೇಕಾಯಿತು. ನಾವು 'ನಾನೇ ಹೇಳಿದೆ', 'ನಾನು ಅದನ್ನೇ ಹೇಳಿದೆ', 'ಹೇಳಿಯೇ ಹೇಳಿದೆ' ಎಂದು ಒಂದು ಏಕಾರವನ್ನು ಬೇಕಾದ ಕಡೆ ತಗುಲಿಸಿ ಮುಗಿಸುತ್ತೇವೆ. ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಇದ್ದೇ ಇದೆ.

ಹಾಗೆಂದು ಕನ್ನಡಕ್ಕೆ ಓಡುವ ಕೈ ಇರಲಿಲ್ಲವೆಂದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗ್ ಸಾಹೇಬರು 'ಮಂಗಳೂರ ಸಮಾಚಾರ' ಶುರುಮಾಡಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ನಮ್ಮ ಮೊದಲ ಪತ್ರಿಕೆ ಕೈಬರಹದ್ದು. ಬಳ್ಳಾರಿಗೆ ಹೋದ ಮೇಲೆ ಮೊಳೆ ಕೂಡಿಸಿದರು, ಅಕ್ಷರ ಶಿಸ್ತಾಗಿ ನೆಟ್ಟಗಾಯಿತು. ಇನ್ನು ನಿಜವಾದ ಅವಸರದ ಬರಹ ಇದ್ದದ್ದು ಶ್ಯಾನುಭೋಗರ ಹತ್ತಿರ. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಳಿದ ಬಟ್ಟೆಯ ಕಡತದ ಮೇಲೆ, ಬಳಪ ಎತ್ತದೆ, ಅಕ್ಷರಕ್ಕೆ ಅಕ್ಷರ ಕೊಕ್ಕೆ ಹಾಕಿಕೊಂಡು ಓಡುವ ಮೋಡಿ. ಕನ್ನಡಕ್ಕೆ ಅಸಲಿ ಇಟಾಲಿಕ್ ಬರಬೇಕಾಗಿದ್ದರೆ ಅಲ್ಲಿಂದಲೇ ಬರಬೇಕಾಗಿತ್ತು. ಒಂದೇ ತೊಡಕು. ಪೋಪರ ಗುಮಾಸ್ತ ಬರೆದದ್ದು ದೂರದ ರಾಜ್ಯದವನಿಗೂ ತಿಳಿಯಲಿ ಎಂದು. ನಮ್ಮ ಶ್ಯಾನುಭೋಗರು ಬರೆದದ್ದು ರೈತನಿಗೆ, ಅಮಲ್ದಾರನಿಗೆ, ಪಕ್ಕದೂರಿನ ಶ್ಯಾನುಭೋಗರಿಗೂ ತಿಳಿಯದಿರಲಿ ಎಂದು, ಎನ್ನುವುದು ಹಳ್ಳಿಯ ಹಳಬರ ಮಾತು. ಅದನ್ನು ಮೊಳೆಗೆ ಇಳಿಸಿದ್ದರೆ ಪ್ರತಿ ಪ್ರೆಸ್ಸಿನಲ್ಲೂ ಪ್ರೂಫ್ ನೋಡಲು ಒಬ್ಬೊಬ್ಬ ಶ್ಯಾನುಭೋಗರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾಗುತ್ತಿತ್ತು.